ಕಾಲಡಿಯ ಮೂರು ಮಣ್ಣು



ಹೊಸಪೇಟೆಯಲ್ಲಿ ಒಂದು ಕಾರು ಯಾವ ದಾರಿ ಹಿಡಿದು ಬಂದಿದೆ ಎಂದು ಓಡಿಸಿದವರನ್ನು ಕೇಳಬೇಕಾಗಿಲ್ಲ. ಬಾಗಿಲು ತೆಗೆದು ಕಾಲಿಡುವ ಜಾಗ ನೋಡಿದರೆ ಸಾಕು. ನುಣ್ಣನೆಯ ಕೆಂಧೂಳು ಕೂತಿದ್ದರೆ ಸಂಡೂರು. ಕಪ್ಪು ಹೆಂಟೆ ಅಂಟಿದ್ದರೆ ಕಂಪ್ಲಿ. ಚಪ್ಪಲಿಯಡಿ ಕರಕರ ಎನ್ನುವ ಗರಸು ಇದ್ದರೆ ಹಂಪಿ. ಮೂರೂ ಇದ್ದರೆ ಅದು ಬಾಡಿಗೆ ಕಾರು.

ಈ ಮೂರನ್ನೂ ತಡೆಯಬೇಕಾದದ್ದು ಕಾಲಡಿಯ ಮ್ಯಾಟು. ಕಾರು ಕೊಳ್ಳುವಾಗ ಅದರ ಬಣ್ಣಕ್ಕಾಗಿ ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ನಂಬರಿಗೆ, ಮುಹೂರ್ತಕ್ಕೆ, ಮೊದಲ ಪೂಜೆ ಯಾವ ಗುಡಿಯ ಮುಂದೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳುತ್ತೇವೆ. ಮ್ಯಾಟು ಮಾತ್ರ ಬಿಲ್ಲಿನ ಕೊನೆಯ ಸಾಲಿನಲ್ಲಿ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಶೋರೂಮಿನವರು ಹಾಕಿಕೊಡುವ ತೆಳ್ಳನೆಯ ಕಾರ್ಪೆಟ್ ಮ್ಯಾಟು, ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಆಫೀಸಿನ ನೆಲಮಾಳಿಗೆಗೆ ಹೋಗಿಬರುವವರಿಗೆ ಸರಿಹೋದೀತು. ನಮ್ಮ ಸೀಮೆಗೆ ಒಗ್ಗುವುದಿಲ್ಲ. ಯಾಕೆ ಎಂಬುದು ಇಲ್ಲಿಯ ಮಣ್ಣಿನ ಗುಣದಲ್ಲೇ ಇದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಸಂಡೂರಿನ ಕೆಂಪು ಬರೀ ಮಣ್ಣಿನ ಕೆಂಪಲ್ಲ. ದೋಣಿಮಲೈ, ದೇವಗಿರಿ, ಕುಮಾರಸ್ವಾಮಿ ಬೆಟ್ಟದ ಸಾಲಿನ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಹೊಳೆಯ ಮರಳು ನೀರಿಗಿಂತ ಎರಡೂವರೆ ಪಟ್ಟಿನಷ್ಟು ಭಾರ ಎಂದಿಟ್ಟುಕೊಂಡರೆ, ಹೆಮಟೈಟ್ ಐದು ಪಟ್ಟಿಗೂ ಮೀರಿ ಭಾರ. ಹೀಗಾಗಿ ಅದಿರಿನ ಧೂಳು ಕಾರ್ಪೆಟ್ಟಿನ ಮೇಲೆ ನಿಲ್ಲುವುದಿಲ್ಲ. ಎಳೆಗಳ ನಡುವೆ ಇಳಿದು ಬುಡದಲ್ಲಿ ಹೋಗಿ ಕೂರುತ್ತದೆ. ವಾಟರ್ ಸರ್ವಿಸಿನವರು ವ್ಯಾಕ್ಯೂಮ್ ಹಿಡಿದಾಗ ಮೇಲಿನದಷ್ಟೇ ಬರುತ್ತದೆ, ಬುಡದ್ದು ಅಲ್ಲೇ ಉಳಿಯುತ್ತದೆ. ಗಡಸುತನದಲ್ಲೂ ಅದು ಚಾಕುವಿನ ಉಕ್ಕಿಗೆ ಹೆಚ್ಚುಕಡಿಮೆ ಸಮ. ಎಕ್ಸಲೇಟರಿನಿಂದ ಬ್ರೇಕಿಗೆ, ಬ್ರೇಕಿನಿಂದ ಎಕ್ಸಲೇಟರಿಗೆ ಕಾಲು ಬದಲಿಸುವಾಗ ನಮ್ಮ ಬಲಗಾಲಿನ ಹಿಮ್ಮಡಿ ಒಂದೇ ಜಾಗದಲ್ಲಿ ತಿರುಗುತ್ತಿರುತ್ತದೆ. ಆ ಒತ್ತಡಕ್ಕೆ ಬುಡದಲ್ಲಿರುವ ಕಣಗಳು ನೈಲಾನಿನ ಎಳೆಗಳನ್ನು ಕೊರೆಯುತ್ತಾ ಹೋಗುತ್ತವೆ. ಗಣಿ ರಸ್ತೆಗಳಲ್ಲಿ ದಿನಾ ಓಡಾಡುವ ಕಾರುಗಳಲ್ಲಿ ಆ ಹಿಮ್ಮಡಿಯ ಜಾಗ ಬೇಗ ಬೋಳಾಗುವುದು ಇದರಿಂದ.

ಇನ್ನು ಬಣ್ಣ. ಗುಡಿಯ ಗೋಡೆಗೆ ಬಳಿಯುವ ಕಾವಿಯ ಕೆಂಪು ಇದೇ ಕಬ್ಬಿಣದ ಆಕ್ಸೈಡಿನದು. ಗಂಗಾವತಿ ಕಡೆಯ ಹಿರೇಬೆಣಕಲ್ ಬೆಟ್ಟದ ಕಲ್ಲಾಸರೆಗಳಲ್ಲಿ ಆದಿಕಾಲದ ಜನ ಬರೆದಿಟ್ಟ ಚಿತ್ರಗಳಿವೆಯಲ್ಲ, ಅವುಗಳ ಕೆಂಪೂ ಕೆಮ್ಮಣ್ಣಿನದೇ. ಸಾವಿರಾರು ವರ್ಷದ ಗಾಳಿ, ಬಿಸಿಲು ಅದನ್ನು ಅಳಿಸಿಲ್ಲ. ಅಂಥ ಬಣ್ಣವನ್ನು ತಿಳಿಬೂದಿ ಕಾರ್ಪೆಟ್ಟಿನಿಂದ ಎರಡು ಮುಚ್ಚಳ ಶಾಂಪೂ ಹಾಕಿ ತೆಗೆಸುತ್ತೇನೆ ಎಂದು ಹೊರಡುವವರ ಧೈರ್ಯ ಮೆಚ್ಚಬೇಕು. ಕೆಲವರು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುತ್ತಾರೆ. ಅದರಿಂದ ಕಾರ್ಪೆಟ್ಟಿನ ಸ್ವಂತ ಬಣ್ಣ ಹೋಗುತ್ತದೆ, ಅದಿರಿನದು ಉಳಿಯುತ್ತದೆ. ಆದ್ದರಿಂದ ಸಂಡೂರಿನ ಕೆಂಪನ್ನು ಆಮೇಲೆ ತೊಳೆಯುವ ಯೋಚನೆ ಬಿಟ್ಟು, ಕಾರ್ಪೆಟ್ಟಿಗೆ ತಾಕದಂತೆ ಮೊದಲೇ ನೋಡಿಕೊಳ್ಳಬೇಕು.

ಧೂಳು ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲ ಎಂಬುದೂ ನಿಜ. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಈ ರಸ್ತೆಗಳ ತುಂಬ ಲಾರಿ ಸಾಲು, ಬಟ್ಟೆ ಒಣಹಾಕಿದರೂ ಕೆಂಪು, ಮರದ ಎಲೆಯೂ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಷರತ್ತುಗಳ ಮೇಲೆ ಒಂದಷ್ಟು ಗಣಿಗಳು ಮತ್ತೆ ತೆರೆದವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರಿನ ಒಂದು ಪಾಲು ಈಗ ಕನ್ವೇಯರ್ ಬೆಲ್ಟಿನ ಮೇಲೆ ಹೋಗುತ್ತದೆ. ಆ ದಿನಗಳ ಧೂಳು ಈಗಿಲ್ಲ. ಆದರೆ ಟಿಪ್ಪರುಗಳು ಇನ್ನೂ ಇವೆ, ರಸ್ತೆ ಬದಿಯಲ್ಲಿ ಕೂತ ಹಳೆಯ ಧೂಳೂ ಇದೆ. ಮೊದಲ ಮಳೆ ಬಿದ್ದಾಗ ಅದೆಲ್ಲ ರಾಡಿಯಾಗಿ ಚಪ್ಪಲಿಗೆ ಹತ್ತುತ್ತದೆ.

ಕಂಪ್ಲಿ ದಾರಿಯ ಕಥೆ ಬೇರೆ. ವಿಜಯನಗರದರಸರ ಕಾಲದ ಕಾಲುವೆಗಳೂ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ನೀರುಣಿಸುವ ಭತ್ತದ ಸೀಮೆ ಅದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಗದ್ದೆಯ ಬದುವಿನಿಂದ ಬಂದು ಕಾರು ಹತ್ತಿದವರ ಕಾಲಿನಲ್ಲಿ ಅರ್ಧ ಕೇಜಿ ಮಣ್ಣಾದರೂ ಬಂದಿರುತ್ತದೆ. ಹಸಿಯಾಗಿದ್ದಾಗ ಅದನ್ನು ಒರೆಸಲು ಹೋದಷ್ಟೂ ಒಳಕ್ಕೆ ತಳ್ಳಿದಂತೆ. ಅದೇ ಮಣ್ಣು ರಬ್ಬರಿನ ಮೇಲಿದ್ದರೆ ತಾನೇ ಒಣಗಿ, ಕುಗ್ಗಿ, ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಮ್ಯಾಟನ್ನು ಹೊರಗೆ ತೆಗೆದು ಬಗ್ಗಿಸಿ ಒಂದು ಸಲ ಕಲ್ಲಿಗೆ ಬಡಿದರೆ ಮುಗಿಯಿತು, ನೀರೂ ಬೇಡ. ಸಂಡೂರಿನ ಧೂಳಿಗೆ ಮಾತ್ರ ಈ ಉಪಾಯ ಬೇಡ. ಒಣ ಅದಿರಿನ ಧೂಳನ್ನು ಮನೆ ಮುಂದೆ ಬಡಿದರೆ ಅದು ನೇರವಾಗಿ ಬಡಿದವರ ಎದೆಗೂ ಪಕ್ಕದ ಮನೆಯ ಹಪ್ಪಳಕ್ಕೂ ಹೋಗುತ್ತದೆ. ಅದನ್ನು ನೀರು ಹಾಕಿಯೇ ತೊಳೆಯಬೇಕು.

ಕಪ್ಪಿನದು ಒಣಗಿಸಿ ಬಡಿಯುವುದು, ಕೆಂಪಿನದು ತೋಯಿಸಿ ತೊಳೆಯುವುದು. ಎರಡಕ್ಕೂ ಬೇಕಾದ ಗುಣ ಒಂದೇ. ಮ್ಯಾಟು ಒಬ್ಬರ ಕೈಯಲ್ಲಿ, ಒಂದು ನಿಮಿಷದಲ್ಲಿ, ಮೇಲಿನ ಮಣ್ಣು ಚೆಲ್ಲದ ಹಾಗೆ ಹೊರಕ್ಕೆ ಬರಬೇಕು. ಅಂಗಡಿಯಲ್ಲಿ ಎಲ್ಲರೂ ಹಾಸಿ ನೋಡುತ್ತಾರೆ. ನಾನು ಹೇಳುವುದು, ತೆಗೆದು ನೋಡಿ. ಸೀಟನ್ನು ಹಿಂದಕ್ಕೆ ತಳ್ಳದೆ, ಸೊಂಟ ಮುರಿದುಕೊಳ್ಳದೆ ಹೊರಗೆ ಬರುವಂಥದ್ದು ಒಳ್ಳೆಯ ಮ್ಯಾಟು. ಉಳಿದ ಮಾತೆಲ್ಲ ಇದರ ನಂತರದ್ದು.

ಹಂಪಿಯದು ಗರಸಿನ ಕಾಟ. ಅಲ್ಲಿಯ ಬಂಡೆಗಳು ಉದುರಿಸುವ ಗರಸಿನಲ್ಲಿ ಬೆಣಚುಕಲ್ಲಿನ ಹರಳುಗಳಿರುತ್ತವೆ, ಅವು ಗಾಜಿಗೂ ಗೀರು ಹಾಕುವಷ್ಟು ಗಟ್ಟಿ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಂಪಿಯನ್ನು ನೋಡಲು ಬರುವವರು ಮಾತಂಗ ಬೆಟ್ಟ ಹತ್ತಿ ಇಳಿದು, ಹೊಳೆಯಲ್ಲಿ ಕಾಲು ತೊಳೆದು, ವಿರೂಪಾಕ್ಷನ ಗುಡಿಯಲ್ಲಿ ಬರಿಗಾಲಲ್ಲಿ ನಡೆದು, ಒದ್ದೆ ಕಾಲಿನಲ್ಲಿ ಮರಳು ಮೆತ್ತಿಕೊಂಡು ಕಾರು ಹತ್ತುತ್ತಾರೆ. ಹತ್ತುವಾಗ ಕಾಲು ಮೊದಲು ತಾಕುವುದು ಬಾಗಿಲ ಹೊಸ್ತಿಲಿಗೆ, ಮ್ಯಾಟಿಗಲ್ಲ. ಅಲ್ಲಿಯ ಪ್ಲಾಸ್ಟಿಕ್ ಪಟ್ಟಿ ಒಂದೇ ವರ್ಷದಲ್ಲಿ ಗೀರು ಗೀರಾಗುತ್ತದೆ. ಹೀಗಾಗಿ ಮ್ಯಾಟು ಹೊಸ್ತಿಲವರೆಗೆ ಬರುವಂತಿರಬೇಕು, ಅಂಚು ಒಂದೆರಡು ಬೆರಳಿನಷ್ಟು ಎತ್ತರವಿರಬೇಕು. ಹಂಪಿಯ ದಾರಿಯ ತೋಟದವರಿಗೆ ಇನ್ನೊಂದು ಮಾತು. ಬಾಳೆಗೊನೆಯ ಸೊನೆ ಕಾರ್ಪೆಟ್ಟಿಗೆ ಬಿದ್ದರೆ ಕಪ್ಪು ಕಲೆ ಅಲ್ಲೇ ನಿಂತುಬಿಡುತ್ತದೆ. ಡಿಕ್ಕಿಗೂ ಒಂದು ರಬ್ಬರ್ ಮ್ಯಾಟು ಹಾಕಿಸಿ.

ಸರಿ, ಅಂಗಡಿಗೆ ಹೋಗೋಣ. ಸೀಟ್ ಕವರಿನ ಅಂಗಡಿಯವರು ಮೊದಲು ತೋರಿಸುವುದು ಸೆವೆನ್ ಡಿ ಮ್ಯಾಟು. ಅದಕ್ಕೂ ಮುಂಚೆ ತ್ರೀ ಡಿ, ಫೈವ್ ಡಿ ಬಂದಿದ್ದವು. ಮೇಲೆ ಚರ್ಮದಂತೆ ಕಾಣುವ ರೆಕ್ಸಿನ್, ಒಳಗೆ ಫೋಮು, ವಜ್ರದಾಕಾರದ ಹೊಲಿಗೆ, ಕಂದು, ಕಪ್ಪು, ಬೆಣ್ಣೆ ಬಣ್ಣ. ಕೆಲವಕ್ಕೆ ಮೇಲೊಂದು ಹುಲ್ಲಿನಂಥ ಹೊದಿಕೆ ಬೇರೆ. ಹಾಕಿದ ದಿನ ಕಾರು ಮದುವೆ ಮಂಟಪದಂತೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಹೊಲಿಗೆ ಎಂದರೆ ತೂತು. ಕೆಂಪು ನೀರು ಆ ಸೂಜಿತೂತುಗಳಿಂದ ಫೋಮಿಗೆ ಇಳಿದರೆ ಒಣಗುವುದು ಯಾವಾಗ? ಇನ್ನೊಂದು ತೊಂದರೆ, ಅದನ್ನು ನೆಲದ ಆಕಾರಕ್ಕೆ ಗಟ್ಟಿಯಾಗಿ ಮಡಿಸಿ ಸೀಟಿನ ಕೆಳಗೆಲ್ಲ ತೂರಿಸಿರುತ್ತಾರೆ. ತೆಗೆಯಬೇಕೆಂದರೆ ಸೀಟಿನ ಬೋಲ್ಟನ್ನೇ ಸಡಿಲ ಮಾಡಬೇಕಾದದ್ದೂ ಉಂಟು. ಹೀಗಾಗಿ ಯಾರೂ ತೆಗೆಯುವುದಿಲ್ಲ. ಕೆಳಗೆ ಏನಾಗುತ್ತಿದೆ ಎಂಬುದು ಕಾರು ಮಾರುವ ದಿನ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಹೋಗದ, ಗಣಿ ರಸ್ತೆ ತುಳಿಯದ ಕಾರಿಗೆ ಬೇಕಾದರೆ ಹಾಕಿಸಿ. ಉಳಿದವರಿಗೆ ನನ್ನ ಸಲಹೆ ಬೇಡ ಎಂದೇ.

ಪಿವಿಸಿ ಎಳೆಗಳನ್ನು ಗುಂಗುರು ಗುಂಗುರಾಗಿ ಹೆಣೆದ ಕಾಯಿಲ್ ಮ್ಯಾಟನ್ನು ಬಾಡಿಗೆ ಕಾರುಗಳಲ್ಲಿ ನೋಡಿರುತ್ತೀರಿ. ಅದು ಹಂಪಿಯ ಗರಸಿಗೆ ಬಲು ಒಳ್ಳೆಯದು. ಗರಸು ಕೆಳಗಿಳಿಯುತ್ತದೆ, ಮೇಲೆ ಕೂತವರ ಕಾಲು ಶುಚಿಯಾಗಿರುತ್ತದೆ. ಎತ್ತಿ ಕೊಡವಿದರೆ ಎಲ್ಲ ಉದುರುತ್ತದೆ. ಎರೆಮಣ್ಣು ಮಾತ್ರ ಆ ಗುಂಗುರಿನೊಳಗೆ ಸಿಕ್ಕಿಕೊಂಡರೆ ಕಡ್ಡಿ ಹಾಕಿ ಕೆದಕಬೇಕು.

ಹಳೆಯ ಅಂಬಾಸಿಡರ್ ದಿನಗಳ ಕಪ್ಪು ರಬ್ಬರ್ ಮ್ಯಾಟು ಈಗಲೂ ಸಿಗುತ್ತದೆ. ಭಾರ, ಜಾರುವುದಿಲ್ಲ, ಅಗ್ಗ, ಎಷ್ಟು ತೊಳೆದರೂ ಜಗ್ಗುವುದಿಲ್ಲ. ದೋಷವೆಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ಇದ್ದರೆ ನಿಲ್ಲಿಸಿದ ಕಾರಿನೊಳಗೆ ಅರವತ್ತು ತಲುಪುವುದು ಕಷ್ಟವಲ್ಲ. ಕೆಲವು ಬೇಸಿಗೆ ಕಳೆದ ಮೇಲೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಅಗ್ಗದ ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ಅದೇ ಬಿಸಿಗೆ ಆವಿಯಾಗಿ ಹೋಗುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಒಂದು ಮಂಕು ಪೊರೆ ಕಟ್ಟುವುದು ಒಮ್ಮೊಮ್ಮೆ ಅದರಿಂದ. ಹೊಸ ಮ್ಯಾಟು ಹಾಕಿಸಿದ ವಾರದಲ್ಲಿ ಮಕ್ಕಳು ತಲೆನೋವು ಎಂದರೆ ಸುಳ್ಳು ಹೇಳುತ್ತಿದ್ದಾರೆ ಎಂದು ಬೈಯಬೇಡಿ; ಮ್ಯಾಟನ್ನು ಒಂದು ದಿನ ಹೊರಗೆ ಗಾಳಿಗೆ ಹಾಕಿ. ಅಂಗಡಿಯಲ್ಲೇ ಮೂಗಿಗೆ ಹಿಡಿದು ನೋಡುವುದು ಇನ್ನೂ ಒಳ್ಳೆಯದು.

ರಬ್ಬರು, ಪಿವಿಸಿ ಇವೆರಡರ ನಡುವೆ ಬಂದಿರುವುದು ಟಿಪಿಇ ಎಂಬ ವಸ್ತು. ರಬ್ಬರಿನಂತೆ ಬಗ್ಗುತ್ತದೆ, ಪ್ಲಾಸ್ಟಿಕ್ಕಿನಂತೆ ಅಚ್ಚಿನಲ್ಲಿ ಎರಕವಾಗುತ್ತದೆ, ವಾಸನೆ ಕಡಿಮೆ, ಬಿಸಿಲಿಗೂ ಚಳಿಗೂ ಆಕಾರ ಬಿಡುವುದು ಕಡಿಮೆ. ಇಂತಿಂಥ ಕಾರಿನ ಇಂತಿಂಥ ಮಾಡೆಲಿಗೆ ಎಂದು ಅಳತೆ ಹಿಡಿದು ತಟ್ಟೆಯ ಹಾಗೆ ಅಂಚೆತ್ತಿ ಮಾಡಿದ ಟಿಪಿಇ ಮ್ಯಾಟು ಸಿಕ್ಕರೆ, ರಬ್ಬರಿನದಕ್ಕಿಂತ ಬೆಲೆ ಹೆಚ್ಚಾದರೂ, ಅದನ್ನೇ ತೆಗೆದುಕೊಳ್ಳಿ. ಆಲ್ ವೆದರ್ ಎಂದು ಮಾರುವ ಮ್ಯಾಟುಗಳಲ್ಲಿ ಆಳದ ಗೆರೆಗಳಿರುತ್ತವೆ. ಹಿಮ ಬೀಳುವ ದೇಶಗಳಲ್ಲಿ ಬೂಟಿನ ಹಿಮ ಕರಗಿದ ನೀರು, ರಸ್ತೆಗೆ ಎರಚಿದ ಉಪ್ಪು ಆ ಗೆರೆಗಳಲ್ಲಿ ನಿಲ್ಲಲಿ, ಕಾರಿನ ಕಬ್ಬಿಣಕ್ಕೆ ಇಳಿಯದಿರಲಿ ಎಂದು. ನಮಗೆ ಅಷ್ಟು ಆಳ ಬೇಕಾಗಿಲ್ಲ. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕುಳಿಗಳಿದ್ದರೆ ಕೆಂಧೂಳು ಮೂಲೆಗಳಲ್ಲಿ ಗಟ್ಟಿ ಕಟ್ಟುತ್ತದೆ. ಅಗಲವಾದ, ಬ್ರಷ್ಷು ಸಲೀಸಾಗಿ ಓಡಾಡುವ ಗೆರೆಗಳಿರಲಿ. ಅಮೆರಿಕದಲ್ಲಿರುವ ಮಗನೋ ತಮ್ಮನೋ ಬರುವಾಗ ಅಲ್ಲಿಯ ಮ್ಯಾಟು ತಂದುಕೊಡುತ್ತೇನೆ ಎಂದರೆ ಬೇಡ ಎನ್ನಿ. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಕಾರಿನ ಹೆಸರು ಒಂದೇ ಇದ್ದರೂ ಚಾಲಕನ ಮ್ಯಾಟು ಇಲ್ಲಿ ಕೂರುವುದಿಲ್ಲ.

ಕೂರದ ಮ್ಯಾಟು ಎಂದೆನಲ್ಲ, ಈ ಭಾಷಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಅದೇ. 2009ರ ಆಗಸ್ಟ್ 28ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಡಿಯಾಗೋ ಬಳಿ, ಲೆಕ್ಸಸ್ ಕಾರೊಂದು ಹೆದ್ದಾರಿಯಲ್ಲಿ ಹತೋಟಿಗೆ ಸಿಗದೆ ಓಡಿ ಅಪಘಾತಕ್ಕೀಡಾಯಿತು. ಒಳಗಿದ್ದ ನಾಲ್ವರೂ ತೀರಿಹೋದರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತಿನ ಅನುಭವಿ ಪೊಲೀಸ್ ಅಧಿಕಾರಿ. ಅವರ ಸ್ವಂತ ಕಾರು ಸರ್ವಿಸಿಗೆ ಹೋಗಿದ್ದರಿಂದ ಡೀಲರು ಓಡಾಟಕ್ಕೆಂದು ಕೊಟ್ಟಿದ್ದ ಕಾರು ಅದು. ಅದರಲ್ಲಿ ಹಾಸಿದ್ದದ್ದು ಅದೇ ಕಂಪನಿಯ ಬೇರೊಂದು ಮಾಡೆಲಿನ ಆಲ್ ವೆದರ್ ರಬ್ಬರ್ ಮ್ಯಾಟು. ಎಕ್ಸಲೇಟರ್ ಪೆಡಲು ಅದಕ್ಕೆ ಸಿಕ್ಕಿಹಾಕಿಕೊಂಡಿತ್ತು ಎಂದು ತನಿಖೆ ಹೇಳಿತು. ಕೆಲವೇ ದಿನ ಮೊದಲು ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗಿರಾಕಿಗೂ ಹೀಗೇ ಆಗಿ, ಆತ ಹೇಗೋ ಗಾಡಿ ನಿಲ್ಲಿಸಿ ಬಂದು, ಡೀಲರ ಕಡೆಯವರಿಗೆ ಹೇಳಿಯೂ ಇದ್ದ. ಆ ಸೆಪ್ಟೆಂಬರಿನಲ್ಲಿ ಟೊಯೋಟಾ ಕಂಪನಿ ಅಮೆರಿಕದ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಚಾಲಕನ ಕಡೆಯ ಮ್ಯಾಟನ್ನು ತೆಗೆದಿಡಿ ಎಂದು ಸೂಚನೆ ಕೊಟ್ಟಿತು.

ಒಂದು ಮ್ಯಾಟು ಅಷ್ಟೇ. ಈಗ ನಮ್ಮ ಕಾರುಗಳ ಒಳಗೆ ನೋಡಿ. ಕಂಪನಿಯ ಕಾರ್ಪೆಟ್ ಮ್ಯಾಟಿನ ಮೇಲೆ ರಬ್ಬರಿನದು, ಅದರ ಮೇಲೆ ಕಾಯಿಲಿನದು. ದುಡ್ಡು ಕೊಟ್ಟಿದ್ದೇವೆ, ತೆಗೆದು ಯಾಕೆ ಇಡಬೇಕು ಎಂಬ ಲೆಕ್ಕ. ಚಾಲಕನ ಕಾಲಡಿ ಒಂದೇ ಮ್ಯಾಟು ಇರಬೇಕು. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ತೆಗೆದು ಮನೆಯ ಬಚ್ಚಲ ಮುಂದಾದರೂ ಹಾಕಿಕೊಳ್ಳಿ. ಬಹಳಷ್ಟು ಕಾರುಗಳ ನೆಲದಲ್ಲಿ ಚಾಲಕನ ಕಡೆ ಒಂದೋ ಎರಡೋ ಕೊಕ್ಕೆ ಅಥವಾ ಗುಂಡಿ ಇರುತ್ತವೆ. ಮ್ಯಾಟಿನ ತೂತು ಅದಕ್ಕೆ ಸರಿಯಾಗಿ ಕೂರಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಮ್ಯಾಟಿಗೆ ಆ ತೂತೇ ಇರುವುದಿಲ್ಲ. ಹಾಕಿದ ಮೇಲೆ ಇಂಜಿನ್ ಬಂದ್ ಇರುವಾಗ ಮೂರೂ ಪೆಡಲುಗಳನ್ನು ಒಂದೊಂದಾಗಿ ನೆಲಮುಟ್ಟ ಒತ್ತಿ ಬಿಡಿ. ಎಲ್ಲಿಯೂ ಮ್ಯಾಟು ತಾಕಬಾರದು, ತಟ್ಟನೆ ಮೇಲೆ ಬರಬೇಕು. ಹಿಮ್ಮಡಿಯಿಂದ ಮ್ಯಾಟನ್ನು ಮುಂದಕ್ಕೆ ತಳ್ಳಿ ಇನ್ನೊಂದು ಸಲ ನೋಡಿ. ನೀರಿನ ಬಾಟಲಿಯನ್ನು ಚಾಲಕನ ಕಾಲ ಬಳಿ ಉರುಳಲು ಬಿಡುವುದೂ ಇದೇ ಜಾತಿಯ ಅಪಾಯ.

ಓಡುವಾಗಲೇ ಎಕ್ಸಲೇಟರ್ ಸಿಕ್ಕಿಕೊಂಡರೆ ಬಗ್ಗಿ ಕೈ ಹಾಕಬೇಡಿ. ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ ಒಂದೇ ಸಮ ಬಲವಾಗಿ ಒತ್ತಿ ಹಿಡಿದು ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಇಂಜಿನ್ ಕಿರುಚಿದರೆ ಕಿರುಚಲಿ. ಗಾಡಿ ಪಕ್ಕಕ್ಕೆ ನಿಂತ ಮೇಲೆ ಬಂದ್ ಮಾಡಿ. ಓಡುತ್ತಿರುವಾಗ ಕೀಲಿ ಎಳೆದುಕೊಂಡರೆ ಸ್ಟೀರಿಂಗ್ ಬಿಗಿದುಕೊಳ್ಳಬಹುದು.

ಇನ್ನೊಂದು ವಿಷಯದಲ್ಲಿ ಪಾಪದ ಮ್ಯಾಟಿನ ಮೇಲೆ ಸುಮ್ಮನೆ ಗೂಬೆ ಕೂರಿಸುತ್ತೇವೆ. ಮಳೆಗಾಲದಲ್ಲಿ ಎಡಗಡೆ ಮುಂದಿನ ಸೀಟಿನ ಕಾಲಡಿ ಒದ್ದೆ, ಕಾರಿನೊಳಗೆಲ್ಲ ಮುಗ್ಗುಲು ವಾಸನೆ. ಮ್ಯಾಟು ನೀರು ತಡೆಯುತ್ತಿಲ್ಲ ಎಂದು ಹೊಸದು ತರುತ್ತಾರೆ, ವಾಸನೆ ಹೋಗುವುದಿಲ್ಲ. ಆ ನೀರು ಬಹಳ ಸಲ ಮೇಲಿನಿಂದ ಬಂದಿರುವುದೇ ಇಲ್ಲ. ಎ.ಸಿ. ಓಡುವಾಗ ಡ್ಯಾಶ್‌ಬೋರ್ಡಿನ ಹಿಂದೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅದು ಒಂದು ಸಣ್ಣ ಕೊಳವೆಯಿಂದ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಧೂಳು, ಎಲೆಚೂರು ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಒಳಗೇ ತುಳುಕಿ ಕಾರ್ಪೆಟ್ಟಿನ ಕೆಳಗಿನ ದಪ್ಪ ಫೋಮಿಗೆ ಇಳಿಯುತ್ತದೆ. ನಮ್ಮ ಊರಿನ ಧೂಳಿಗೆ ಇದು ಅಪರೂಪವೇನಲ್ಲ. ಆಷಾಢದ ದಿನ ಎ.ಸಿ. ಹಾಕಿಕೊಂಡು ಬಂದು ನಿಲ್ಲಿಸಿದಾಗ ಕಾರಿನಡಿ ನೀರು ತೊಟ್ಟಿಕ್ಕುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ತೊಟ್ಟಿಕ್ಕದೆ ಒಳಗೆ ಒದ್ದೆಯಿದ್ದರೆ ಮೆಕ್ಯಾನಿಕ್ಕಿಗೆ ಹೇಳಿ ಕೊಳವೆ ಊದಿಸಿ, ಬಹಳ ಹೊತ್ತಿನ ಕೆಲಸವಲ್ಲ. ಹಾಗೇ ಬಿಟ್ಟರೆ ಕಾರ್ಪೆಟ್ಟಿನಡಿ ಹಾದುಹೋಗುವ ವೈರುಗಳ ಕೀಲುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ನೆಲದ ತಗಡಿಗೆ ತುಕ್ಕು ಹಿಡಿಯುತ್ತದೆ. ಹಳೆ ಕಾರು ಕೊಳ್ಳುವವರು ಮ್ಯಾಟನ್ನು ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡುವುದು, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಟಾರ್ಚು ಹಾಕಿ ನೋಡುವುದು ಇದಕ್ಕೇ. ಹೊಳೆ ಉಕ್ಕಿ ಕಂಪ್ಲಿ ಸೇತುವೆಯೇ ಮುಳುಗುವ ಸೀಮೆಯಲ್ಲಿ ನೀರಿನಲ್ಲಿ ನಿಂತೆದ್ದ ಕಾರುಗಳೂ ಮಾರಾಟಕ್ಕೆ ಬರುತ್ತವೆ.

ತೊಳೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಪಿನ ನೀರು, ಗಟ್ಟಿ ಬ್ರಷ್ಷು, ನೆರಳಿನಲ್ಲಿ ಒಣಗಿಸುವುದು, ಪೂರ್ತಿ ಒಣಗಿದ ಮೇಲೆಯೇ ಹಾಕುವುದು. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿದರೆ ರಬ್ಬರು ಆ ಹೊತ್ತಿಗೆ ಹೊಳೆಯುತ್ತದೆ, ಆಮೇಲೆ ಉಬ್ಬಿ ಮೆತ್ತಗಾಗುತ್ತದೆ. ಟೈರಿಗೆ ಹಚ್ಚುವ ಪಾಲಿಶನ್ನು ಮ್ಯಾಟಿಗೆ ಹಚ್ಚಲು ಬಿಡಲೇಬೇಡಿ. ಕಪ್ಪಗೆ ಮಿರಿಮಿರಿ ಮಿಂಚುವ ಆ ಮ್ಯಾಟಿನ ಮೇಲೆ ಹಿಮ್ಮಡಿ ಜಾರುತ್ತದೆ, ಚಪ್ಪಲಿಗೆ ಹತ್ತಿದ ಪಾಲಿಶಿನಿಂದ ಬ್ರೇಕ್ ಪೆಡಲಿನ ಮೇಲೂ ಜಾರುತ್ತದೆ. ಆಯುಧಪೂಜೆಗೆ ಮುಂಚೆ ಹೊಳಪು ಬೇಕೆನಿಸುವುದು ಸಹಜ. ಅದನ್ನು ಟೈರಿಗಷ್ಟೇ ಹಚ್ಚಿಸಿ.

ವಾಟರ್ ಸರ್ವಿಸಿನಿಂದ ಕಾರು ತರುವವರಿಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿಯ ಹುಡುಗರು ಮ್ಯಾಟುಗಳನ್ನೆಲ್ಲ ಒಟ್ಟಿಗೆ ತೊಳೆದು, ಗೋಡೆಗೆ ನೇತುಹಾಕಿ, ಕೊನೆಗೆ ಅವಸರದಲ್ಲಿ ಒಳಗೆ ಎಸೆದು, ಮೇಲೆ ಹಳೆ ಪೇಪರಿನ ಹಾಳೆ ಹಾಸಿ ಕೊಡುತ್ತಾರೆ. ಕಾರು ಶುಚಿಯಾಗಿರಲಿ ಎಂಬುದು ಅವರ ಒಳ್ಳೆಯ ಮನಸ್ಸು. ಆ ಹಾಳೆ ಪೆಡಲಿನ ಕೆಳಗೆ ಜಾರುತ್ತದೆ, ಒದ್ದೆ ಮ್ಯಾಟಿಗೆ ಅಂಟಿ ಮುದ್ದೆಯಾಗುತ್ತದೆ. ದುಡ್ಡು ಕೊಟ್ಟು ಅಲ್ಲಿಂದ ಹೊರಡುವ ಮುಂಚೆ ಹಾಳೆಯನ್ನು ತೆಗೆದು ಅವರ ಕೈಗೇ ಕೊಡಿ. ಎಡದ ಮ್ಯಾಟು ಬಲಕ್ಕೆ ಬಂದಿದೆಯೇ ನೋಡಿ, ಕೊಕ್ಕೆ ಹಾಕಿ, ಎಕ್ಸಲೇಟರನ್ನು ಒಂದು ಸಲ ಪೂರ್ತಿ ಒತ್ತಿ ಬಿಟ್ಟು, ಆಮೇಲೆ ಗಾಡಿ ಚಾಲೂ ಮಾಡಿ.